‘ಸತ್ತ ಮೇಲೆ ಸಂಜ್ಞೆಯಿಲ್ಲ’ ಎಂದು ಯಾಜ್ಞವಲ್ಕ್ಯರು ಹೇಳಿದ್ದು ಯಾರನ್ನು ಕುರಿತು?

ಪ್ರಶ್ನೆ: ನಮ್ಮ ತಾಯಿ ತೀರಿಕೊಂಡು ಮೂರು ತಿಂಗಳಾಯಿತು. ಕೊನೆಯ ಆರು ದಿನ ಐಸಿಯುನಲ್ಲಿ ಪ್ರಜ್ಞೆಯೇ ಇರಲಿಲ್ಲ. ಮೊನ್ನೆ ಒಂದು ಪ್ರವಚನದಲ್ಲಿ, ಉಪನಿಷತ್ತಿನ ಋಷಿ ಯಾಜ್ಞವಲ್ಕ್ಯರು ತಮ್ಮ ಹೆಂಡತಿ ಮೈತ್ರೇಯಿಗೆ ‘ಸತ್ತ ಮೇಲೆ ಸಂಜ್ಞೆಯಿಲ್ಲ’ ಎಂದು ಹೇಳಿದರೆಂದು ಕೇಳಿದೆ. ಹಾಗಿದ್ದರೆ ನಾವು ಮಾಡುತ್ತಿರುವ ಮಾಸಿಕ ಯಾರಿಗೆ ಮುಟ್ಟುತ್ತದೆ? ಕೊನೆಗಳಿಗೆಯಲ್ಲಿ ದೇವರ ಹೆಸರು ಹೇಳಲಾಗದವರ ಗತಿ ಏನು? ಜ್ಞಾನಿಗೂ ಸತ್ತ ಮೇಲೆ ಏನೂ ತಿಳಿಯದಿದ್ದರೆ ಜ್ಞಾನ ಪಡೆದು ಬಂದ ಭಾಗ್ಯವೇನು?

ಉತ್ತರ:

ನೀವು ಕೇಳಿದ ಆ ವಾಕ್ಯ ನಿಮ್ಮ ತಾಯಿಯಂಥವರನ್ನು ಕುರಿತು ಹೇಳಿದ್ದಲ್ಲ. ಇದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ, ನಿಮ್ಮ ಅರ್ಧ ಸಂಕಟ ಅಲ್ಲೇ ಇಳಿಯುತ್ತದೆ. ‘ನ ಪ್ರೇತ್ಯ ಸಂಜ್ಞಾಸ್ತಿ’ ಎಂಬುದು ಬೃಹದಾರಣ್ಯಕ ಉಪನಿಷತ್ತಿನ ಎರಡನೆಯ ಅಧ್ಯಾಯದ ನಾಲ್ಕನೆಯ ಬ್ರಾಹ್ಮಣದಲ್ಲಿದೆ (ಅಧ್ಯಾಯದ ಒಳಭಾಗಕ್ಕೆ ಅಲ್ಲಿ ಬ್ರಾಹ್ಮಣವೆಂದು ಹೆಸರು). ಅಲ್ಲಿ ನಡೆಯುತ್ತಿರುವುದು ಆತ್ಮಜ್ಞಾನದ ಮಾತು. ನೀರಿಗೆ ಹಾಕಿದ ಉಪ್ಪಿನ ಹರಳು ಕರಗಿದ ಮೇಲೆ ಅದನ್ನು ಮತ್ತೆ ಹರಳಾಗಿ ಎತ್ತಿಕೊಳ್ಳಲಾಗದು, ಆದರೆ ಎಲ್ಲಿಂದ ತೆಗೆದು ನೋಡಿದರೂ ನೀರು ಉಪ್ಪೇ. ಇಷ್ಟು ಹೇಳಿದ ಬೆನ್ನಿಗೇ ಯಾಜ್ಞವಲ್ಕ್ಯರು ಸಂಜ್ಞೆಯಿಲ್ಲ ಎನ್ನುತ್ತಾರೆ. ಕರಗಿದ ಹರಳಿಗೆ ‘ನಾನು ಇಂಥ ಹರಳು’ ಎಂಬುದಿಲ್ಲ ಎಂಬುದಷ್ಟೇ ಅದರ ಅರ್ಥ. ಶಂಕರರ ಭಾಷ್ಯ ಇನ್ನೂ ಬಿಡಿಸಿ ಹೇಳುತ್ತದೆ: ನಾನು ಇಂಥವನ ಮಗ, ಈ ಹೊಲ ನನ್ನದು, ಈ ಹಣ ನನ್ನದು, ನಾನು ಸುಖಿ, ನಾನು ದುಃಖಿ ಎಂಬ ಬಗೆಯ ಬಿಡಿಬಿಡಿ ತಿಳಿವಿಗೆ ಅಲ್ಲಿ ಸಂಜ್ಞೆಯೆಂದು ಹೆಸರು. ಅವಿದ್ಯೆ ಹೋದವನಿಗೆ ಆ ಬಗೆಯದು ಉಳಿಯುವುದಿಲ್ಲ. ಅರಿವೇ ಆರಿಹೋಗುತ್ತದೆಂದು ಅಲ್ಲಿ ಎಲ್ಲೂ ಹೇಳಿಲ್ಲ. ಮೈತ್ರೇಯಿಯೂ ನಿಮ್ಮ ಹಾಗೆಯೇ ತಬ್ಬಿಬ್ಬಾಗಿ ‘ಇಲ್ಲೇ ನನ್ನನ್ನು ಗೊಂದಲಕ್ಕೆ ಕೆಡವಿದಿರಿ’ ಎಂದಳು. ನಾಲ್ಕನೆಯ ಅಧ್ಯಾಯದಲ್ಲಿ ಇದೇ ಸಂವಾದ ಮತ್ತೆ ಬಂದಾಗ ಯಾಜ್ಞವಲ್ಕ್ಯರು ಅನುಮಾನಕ್ಕೆ ಎಡೆಯಿಲ್ಲದಂತೆ ‘ಈ ಆತ್ಮ ಅವಿನಾಶಿ’ ಎಂದೇ ಸೇರಿಸುತ್ತಾರೆ.

ಕನ್ನಡದಲ್ಲಿ ಈ ಗೊಂದಲಕ್ಕೆ ಇನ್ನೊಂದು ಕಾರಣವಿದೆ. ಪ್ರಜ್ಞೆ ಎಂಬ ಒಂದೇ ಮಾತಿನಲ್ಲಿ ನಾವು ಎರಡು ಸಂಗತಿಗಳನ್ನು ತುಂಬಿದ್ದೇವೆ. ‘ಪ್ರಜ್ಞೆ ತಪ್ಪಿತು’ ಎನ್ನುವಾಗ ಅದು ಎಚ್ಚರ: ಕರೆದರೆ ಓಗೊಡುವುದು, ಮುಖ ಗುರುತಿಸುವುದು. ಅದು ಹೋಗುತ್ತದೆ, ಬರುತ್ತದೆ, ದಿನಾ ರಾತ್ರಿ ನಮಗೂ ಹೋಗುತ್ತದೆ. ಇನ್ನೊಂದು, ಎಚ್ಚರ ಇದ್ದುದನ್ನೂ ಇಲ್ಲದ್ದನ್ನೂ ಬೆಳಗುವ ಅರಿವು. ವೇದಾಂತದಲ್ಲಿ ಅದಕ್ಕೆ ಚಿತ್, ಸಾಕ್ಷಿ ಎಂದು ಹೆಸರು. ಸಾವಿನಲ್ಲಿ ಏನಾಗುತ್ತದೆಂದು ಕೇಳುವಾಗ ಇವೆರಡರಲ್ಲಿ ಯಾವುದನ್ನು ಕೇಳುತ್ತಿದ್ದೇವೆಂದು ಗೊತ್ತುಮಾಡಿಕೊಳ್ಳದಿದ್ದರೆ ಉತ್ತರ ಅಡ್ಡಾದಿಡ್ಡಿಯಾಗುತ್ತದೆ.

ಈಗ ಸಾಮಾನ್ಯರ ಸಾವು. ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಸಾಯುತ್ತಿರುವ ಒಬ್ಬನ ಮಂಚದ ಸುತ್ತ ನೆಂಟರು ಕೂತಿದ್ದಾರೆ. ಒಬ್ಬೊಬ್ಬರೂ ಬಗ್ಗಿ ‘ನನ್ನ ಗುರುತು ಸಿಕ್ಕಿತೇ? ನನ್ನ ಗುರುತು ಸಿಕ್ಕಿತೇ?’ ಎಂದು ಕೇಳುತ್ತಿದ್ದಾರೆ. ಮಾತು ಮನಸ್ಸಿನಲ್ಲಿ, ಮನಸ್ಸು ಪ್ರಾಣದಲ್ಲಿ, ಪ್ರಾಣ ತೇಜಸ್ಸಿನಲ್ಲಿ, ತೇಜಸ್ಸು ಪರದೇವತೆಯಲ್ಲಿ, ಎಂದರೆ ಬ್ರಹ್ಮದಲ್ಲಿ, ಸೇರುವ ತನಕ ಅವನಿಗೆ ಗುರುತು ಸಿಗುತ್ತದೆ, ಸೇರಿದ ಮೇಲೆ ಇಲ್ಲ. ಇದು ಮನೆಮನೆಯಲ್ಲಿ ಕಂಡ ದೃಶ್ಯವೇ. ಮೊದಲು ಮಾತು ನಿಲ್ಲುತ್ತದೆ, ಆದರೆ ಕಣ್ಣಲ್ಲಿ ಏನೋ ಹೇಳಬೇಕೆಂಬುದು ಇರುತ್ತದೆ. ಆಮೇಲೆ ಅದೂ ಇರುವುದಿಲ್ಲ, ಉಸಿರು ಮಾತ್ರ ಇರುತ್ತದೆ. ಉಸಿರೂ ನಿಂತ ಮೇಲೆ ಮೈ ಮುಟ್ಟಿ, ಬಿಸಿಯಿದೆ, ಇನ್ನೂ ಜೀವ ಇದೆ ಎನ್ನುತ್ತಾರೆ. ಶಂಕರರು ಈ ಭಾಗದ ಭಾಷ್ಯದಲ್ಲಿ ಹಾಗೆ ಮೈ ಮುಟ್ಟಿ ನೋಡುವ ನೆಂಟರನ್ನೂ ಬಿಟ್ಟಿಲ್ಲ.

ಇಲ್ಲಿ ಒಂದು ಸೂಕ್ಷ್ಮ. ಮಾತು ಮನಸ್ಸಿನಲ್ಲಿ ಸೇರಿತು ಎಂದರೆ ವಾಗಿಂದ್ರಿಯವೇ ಕರಗಿತು ಎಂದಲ್ಲ, ಅದರ ವ್ಯಾಪಾರ ನಿಂತಿತು ಎಂದು. ಉಪನಿಷತ್ತುಗಳ ಮಾತನ್ನು ವಿಚಾರಕ್ಕಿಡುವ ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯದ ಎರಡನೆಯ ಪಾದ ಶುರುವಾಗುವುದೇ ಈ ವಿಚಾರದಿಂದ. ಸಾಮಾನುಗಳನ್ನು ಗಂಟು ಕಟ್ಟಿದಂತೆ ಇಂದ್ರಿಯಗಳು ಒಳಗೆ ಕೂಡಿಕೊಳ್ಳುತ್ತವೆ, ನಾಶವಾಗುವುದಿಲ್ಲ. ಬೃಹದಾರಣ್ಯಕದಲ್ಲಿ ಇದಕ್ಕೆ ಕ್ರಮವೂ ಇದೆ: ನೋಡುವುದಿಲ್ಲ, ಮೂಸುವುದಿಲ್ಲ, ರುಚಿ ತಿಳಿಯುವುದಿಲ್ಲ, ಮಾತಾಡುವುದಿಲ್ಲ, ಕೇಳುವುದಿಲ್ಲ, ಯೋಚಿಸುವುದಿಲ್ಲ, ಮುಟ್ಟಿದ್ದು ತಿಳಿಯುವುದಿಲ್ಲ, ಅರಿಯುವುದಿಲ್ಲ. ಒಂದೊಂದಕ್ಕೂ ಸುತ್ತ ಇದ್ದವರು ‘ಒಂದಾಗುತ್ತಿದ್ದಾನೆ’ ಎನ್ನುತ್ತಾರೆ. ಮಾತು ನಿಂತ ಮೇಲೂ ಕಿವಿ ಇದೆ ಎಂಬುದನ್ನು ಗಮನಿಸಿ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾವಿಗೆ ಕೆಲವೇ ಗಂಟೆಗಳಿರುವಾಗ ಯಾವುದಕ್ಕೂ ಓಗೊಡದೆ ಮಲಗಿದ್ದ ಕೆಲವು ರೋಗಿಗಳ ಮಿದುಳು ಶಬ್ದಗಳಿಗೆ ಸ್ಪಂದಿಸಿದ್ದು ಇಇಜಿಯಲ್ಲಿ ಕಂಡಿತು. ಅವರಿಗೆ ಅರ್ಥವಾಗುತ್ತಿತ್ತೆಂದು ಅದರಿಂದ ಹೇಳಲು ಬಾರದು. ಆದರೆ ಪ್ರಜ್ಞೆಯಿಲ್ಲದವರ ಪಕ್ಕದಲ್ಲಿ ವಿಷ್ಣುಸಹಸ್ರನಾಮವನ್ನೋ ವಚನವನ್ನೋ ಮೆಲ್ಲಗೆ ಹೇಳುವ ನಮ್ಮ ರೂಢಿಯನ್ನು ಬಿಡಬೇಕಾಗಿಲ್ಲ. ಬಿಡಬೇಕಾದದ್ದು, ಅವರ ತಲೆಯ ಮೇಲೇ ಆಸ್ತಿಯ ಮಾತು, ಬಿಲ್ಲಿನ ಮಾತು ಆಡುವುದನ್ನು.

ಹೊರಡುವುದು ಯಾವುದು ಎಂಬಲ್ಲಿ ಬಹಳ ಜನ ಎಡವುತ್ತಾರೆ. ‘ಆತ್ಮ ಹೊರಟುಹೋಯಿತು’ ಎಂಬುದು ಆಡುಮಾತು. ಅದ್ವೈತದ ಪ್ರಕಾರ ಆತ್ಮ ಎಲ್ಲೆಡೆ ಇರುವುದು, ಅದಕ್ಕೆ ಹೋಗಲು ಜಾಗವಿಲ್ಲ. ಹೋಗುವುದು ಸೂಕ್ಷ್ಮಶರೀರ. ಅದರಲ್ಲಿ ಹದಿನೇಳು: ಐದು ಜ್ಞಾನೇಂದ್ರಿಯ, ಐದು ಕರ್ಮೇಂದ್ರಿಯ, ಐದು ಪ್ರಾಣ, ಮನಸ್ಸು, ಬುದ್ಧಿ. ಕೊಡದ ನೀರಿನಲ್ಲಿ ಸೂರ್ಯ ಹೊಳೆದಂತೆ ಈ ಹದಿನೇಳರ ಗಂಟಿನಲ್ಲಿ ಚಿತ್ತು ಹೊಳೆಯುತ್ತದೆ, ಆ ಹೊಳಪು ತನ್ನನ್ನು ‘ನಾನು’ ಎನ್ನುತ್ತದೆ. ಕೊಡ ಹೊತ್ತು ನಡೆದರೆ ಪ್ರತಿಬಿಂಬವೂ ನಡೆದಂತೆ ಕಾಣುತ್ತದೆ, ಸೂರ್ಯ ನಡೆಯುವುದಿಲ್ಲ. ಈ ಗಂಟಿನ ಜೊತೆ ಹೋಗುವುದು ಮೂರು ಎಂದು ಯಾಜ್ಞವಲ್ಕ್ಯರು ಹೆಸರಿಸುತ್ತಾರೆ: ವಿದ್ಯೆ, ಕರ್ಮ, ಪೂರ್ವಪ್ರಜ್ಞೆ. ಪೂರ್ವಪ್ರಜ್ಞೆ ಎಂದರೆ ಹಿಂದೆ ಮಾಡಿಮಾಡಿ ಉಳಿದ ಸಂಸ್ಕಾರ. ಕಲಿಸದೆಯೇ ಒಂದು ಮಗುವಿಗೆ ಕೈ ಕುಸುರಿಗೆ ಒಗ್ಗುವುದು, ಇನ್ನೊಂದಕ್ಕೆ ಎಷ್ಟು ಕಲಿಸಿದರೂ ಒಗ್ಗದಿರುವುದು ಇದರಿಂದಲೇ ಎಂದು ಭಾಷ್ಯಕಾರರ ವಿವರಣೆ. ಹುಲ್ಲಿನ ತುದಿ ಮುಟ್ಟಿದ ಹುಳು ಮುಂದಿನ ಎಸಳನ್ನು ಹಿಡಿದುಕೊಂಡು ಆಮೇಲೆ ಹಿಂಭಾಗವನ್ನು ಎಳೆದುಕೊಳ್ಳುವಂತೆ ಜೀವ ದಾಟುತ್ತದೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುವ ಮಾತು ಇದರ ನಡುವೆಯೇ ಇದೆ: ‘ಸವಿಜ್ಞಾನೋ ಭವತಿ’. ಹೊರಡುವ ಹೊತ್ತಿನಲ್ಲಿ ಅವನು ತಿಳಿವುಳ್ಳವನೇ ಆಗಿರುತ್ತಾನೆ. ಎಂಥ ತಿಳಿವು? ಕನಸಿನಂಥದು, ಕರ್ಮ ತೋರಿಸಿದ್ದನ್ನು ನೋಡುವ ತಿಳಿವು, ತನ್ನ ಇಷ್ಟದಂತೆ ತಿರುಗಿಸಿಕೊಳ್ಳುವುದಲ್ಲ. ಅಂದಮೇಲೆ ಅಜ್ಞಾನಿಗೆ, ಎಂದರೆ ನಮಗೆಲ್ಲ, ಸತ್ತ ಮೇಲೆ ಸಂಜ್ಞೆ ಇಲ್ಲವಾಗುವುದಿಲ್ಲ. ‘ನಾನು, ನನ್ನದು’ ಎಂಬುದೇ ಗಂಟಿನ ದಾರ. ಅದು ಬಿಚ್ಚುವುದು ಜ್ಞಾನಿಗೆ ಮಾತ್ರ.

ಮಾಸಿಕದ ಮಾತು ಇಲ್ಲಿಗೆ ಕೂಡುತ್ತದೆ. ಹತ್ತು ದಿನದ ಪಿಂಡಗಳಿಂದ ಪ್ರೇತಕ್ಕೆ ಒಂದು ನೆಲೆ, ಹನ್ನೆರಡನೆಯ ದಿನದ ಸಪಿಂಡೀಕರಣದಿಂದ ಪಿತೃಗಳ ಸಾಲಿಗೆ, ವರ್ಷದುದ್ದಕ್ಕೂ ಮಾಸಿಕ. ಈ ಏರ್ಪಾಡೆಲ್ಲ ನಿಂತಿರುವುದು ದಾಟುತ್ತಿರುವವರು ಒಬ್ಬರಿದ್ದಾರೆ ಎಂಬ ನಂಬಿಕೆಯ ಮೇಲೆ. ಆದ್ದರಿಂದ ‘ಸಂಜ್ಞೆಯಿಲ್ಲ’ ಎಂಬ ವಾಕ್ಯ ಹಿಡಿದು ಮಾಸಿಕ ನಿಲ್ಲಿಸುವುದು ಶಾಸ್ತ್ರವನ್ನು ತಪ್ಪಾಗಿ ಓದಿದಂತೆ. ಛಾಂದೋಗ್ಯದ ಐದನೆಯ ಅಧ್ಯಾಯ ದಾರಿಗಳನ್ನೂ ಹೇಳುತ್ತದೆ. ಯಜ್ಞ, ದಾನ, ಕೆರೆಬಾವಿ ಮಾಡಿಸಿದವರದು ಹೊಗೆ, ರಾತ್ರಿ, ಕೃಷ್ಣಪಕ್ಷ, ದಕ್ಷಿಣಾಯನದ ದಾರಿ. ಅದು ಚಂದ್ರನ ತನಕ ಹೋಗಿ, ಪುಣ್ಯ ಸವೆದ ಮೇಲೆ ಆಕಾಶ, ಗಾಳಿ, ಮಂಜು, ಮೋಡ, ಮಳೆಯಾಗಿ ಇಳಿದು ಭತ್ತ, ಜವೆ, ಎಳ್ಳು, ಉದ್ದಿನ ಪೈರಿಗೆ ಬರುತ್ತದೆ. ಅಲ್ಲಿಂದ ಹೊರಬರುವುದು ಬಹಳ ಕಷ್ಟ ಎಂದೂ ಶ್ರುತಿ ಹೇಳುತ್ತದೆ. ಉಪಾಸಕರದು ಬೆಳಕಿನ ದಾರಿ: ಹಗಲು, ಶುಕ್ಲಪಕ್ಷ, ಉತ್ತರಾಯಣ, ಸೂರ್ಯ, ಮಿಂಚು. ಇಂಥ ಉಪಾಸಕನಿಗೆ ಶವಸಂಸ್ಕಾರ ಮಾಡಲಿ ಬಿಡಲಿ, ಅವನು ಬೆಳಕಿಗೇ ಹೋಗುತ್ತಾನೆಂದು ಅದೇ ಉಪನಿಷತ್ತಿನ ನಾಲ್ಕನೆಯ ಅಧ್ಯಾಯ ಹೇಳುತ್ತದೆ.

ಕೊನೆಗಳಿಗೆಯ ವಿಷಯ. ‘ಕೊನೆಯಲ್ಲಿ ಏನನ್ನು ನೆನೆಯುತ್ತಾನೋ ಅದನ್ನೇ ಹೊಂದುತ್ತಾನೆ’ ಎಂಬ ಗೀತೆಯ ಎಂಟನೆಯ ಅಧ್ಯಾಯದ ಮಾತನ್ನು ಎಲ್ಲರೂ ಹೇಳುತ್ತಾರೆ. ಅದೇ ಶ್ಲೋಕದ ಕೊನೆಯ ತುಂಡನ್ನು, ‘ಸದಾ ತದ್ಭಾವಭಾವಿತಃ’ ಎಂಬುದನ್ನು, ಬಿಟ್ಟುಬಿಡುತ್ತಾರೆ. ಬದುಕಿಡೀ ಯಾವ ಭಾವದಲ್ಲಿ ಮನಸ್ಸು ನೆನೆದಿತ್ತೋ ಅದೇ ಕೊನೆಗೆ ತಾನಾಗಿ ಮೇಲೇಳುತ್ತದೆ. ಅದಕ್ಕೇ ಮುಂದಿನ ಶ್ಲೋಕ ‘ಎಲ್ಲ ಕಾಲದಲ್ಲೂ ನೆನೆ’ ಎನ್ನುತ್ತದೆ. ತಾಯಿಯವರು ನಲವತ್ತು ವರ್ಷ ದೇವರ ಮುಂದೆ ದೀಪ ಹಚ್ಚಿದ್ದರೆ ಆ ನಲವತ್ತು ವರ್ಷ ಲೆಕ್ಕಕ್ಕೆ ಬರುತ್ತವೆ. ವೆಂಟಿಲೇಟರಿನ ಕೊಳವೆಯಿಂದ ಬಾಯಿ ಕಟ್ಟಿದ್ದ ಆರು ದಿನ ಆ ನಲವತ್ತು ವರ್ಷವನ್ನು ಅಳಿಸುವುದಿಲ್ಲ. ಪ್ರಾಣ ಹೋಗುವ ಮುಂಚೆ ನೆಲಕ್ಕೆ ಇಳಿಸಲಾಗಲಿಲ್ಲ, ಬಾಯಿಗೆ ಗಂಗೆ ಬಿಡಲಾಗಲಿಲ್ಲ ಎಂದು ಮಕ್ಕಳು ವರ್ಷಗಟ್ಟಲೆ ತಮ್ಮನ್ನೇ ದೂರಿಕೊಳ್ಳುವುದುಂಟು. ದಯವಿಟ್ಟು ಹಾಗೆ ಮಾಡಿಕೊಳ್ಳಬೇಡಿ.

ಜ್ಞಾನಿಯಾದವನಿಗಂತೂ ಕೊನೆಗಳಿಗೆ ಎಂಬ ಪರೀಕ್ಷೆಯೇ ಇಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಶೃಂಗೇರಿಯ ವಿದ್ಯಾರಣ್ಯರು ಪಂಚದಶಿ ಎಂಬ ವೇದಾಂತಗ್ರಂಥದ ಎರಡನೆಯ ಪ್ರಕರಣದ ಕೊನೆಯಲ್ಲಿ ಇದನ್ನು ಅನುಮಾನಕ್ಕೆಡೆಯಿಲ್ಲದೆ ಬರೆದಿದ್ದಾರೆ: ಆರೋಗ್ಯವಾಗಿ ಕೂತು ಪ್ರಾಣ ಬಿಡಲಿ, ಕಾಯಿಲೆಯಿಂದ ನೆಲದ ಮೇಲೆ ಹೊರಳಾಡಿ ಬಿಡಲಿ, ಮೂರ್ಛೆಯಲ್ಲೇ ಬಿಡಲಿ, ಅವನಿಗೆ ಭ್ರಾಂತಿ ಮರಳದು. ಅದಕ್ಕೆ ಕೊಟ್ಟ ಹೋಲಿಕೆ ಇನ್ನೂ ಚೆನ್ನ. ವೇದ ಕಲಿತವನು ರಾತ್ರಿ ನಿದ್ದೆಯಲ್ಲಿ ಅದನ್ನು ಮರೆತಿರುತ್ತಾನೆ, ಹಾಗೆಂದು ಮರುದಿನ ಕಲಿಯದವನಾಗಿ ಏಳುವುದಿಲ್ಲ.

ಹಾಗಾದರೆ ಜ್ಞಾನಿಗೆ ಆಗುವುದೇನು? ಸಂಚಿತ, ಎಂದರೆ ಕೂಡಿಟ್ಟ ಕರ್ಮ, ಜ್ಞಾನದಿಂದ ಸುಟ್ಟುಹೋಗುತ್ತದೆ. ಆಗಾಮಿ, ಮುಂದೆ ಮಾಡುವುದು, ಅಂಟುವುದಿಲ್ಲ. ಪ್ರಾರಬ್ಧ, ಈ ದೇಹವನ್ನು ಕೊಟ್ಟದ್ದು, ಉಂಡೇ ತೀರಬೇಕು. ಕುಂಬಾರ ಕೋಲು ತೆಗೆದ ಮೇಲೂ ಚಕ್ರ ವೇಗ ತೀರುವ ತನಕ ತಿರುಗುವಂತೆ ದೇಹ ನಡೆಯುತ್ತದೆ. ಆದ್ದರಿಂದ ಜ್ಞಾನಿಗೂ ಕ್ಯಾನ್ಸರ್ ಬರಬಹುದು, ಮರೆವು ಬರಬಹುದು. ಅದನ್ನು ನೋಡಿ ‘ಇವರೆಂಥ ಜ್ಞಾನಿ’ ಎನ್ನುವುದು ಲೆಕ್ಕ ತಪ್ಪಿದ ಮಾತು. ಪ್ರಾರಬ್ಧ ತೀರಿದಾಗ ಅವನ ಪ್ರಾಣಗಳು ಎಲ್ಲಿಗೂ ಹೊರಡುವುದಿಲ್ಲ: ‘ನ ತಸ್ಯ ಪ್ರಾಣಾ ಉತ್ಕ್ರಾಮಂತಿ.’ ಬೆಳಕಿನ ದಾರಿಯೂ ಬೇಡ, ಉಪಾಸಕರ ಪ್ರಾಣ ಹೊರಡುವ ತಲೆಯ ನಾಡಿಯೂ ಬೇಡ. ದೇಹ ಮಾತ್ರ ಹುತ್ತದ ಮೇಲೆ ಹಾವು ಬಿಟ್ಟುಹೋದ ಪೊರೆಯಂತೆ ಬಿದ್ದಿರುತ್ತದೆ. ಹುತ್ತದ ಮೇಲಿನ ಪೊರೆಯನ್ನು ಹತ್ತಿರದಿಂದ ನೋಡಿ: ಹಾವಿನ ಹುರುಪೆಗಳ ಗುರುತು, ಕಣ್ಣಿನ ಮೇಲಿನ ತೆಳುಪರೆ ಕೂಡ ಅದರಲ್ಲಿ ಇರುತ್ತದೆ. ಆಕಾರವೆಲ್ಲ ಹಾವಿನದೇ. ಆದರೆ ಹಾವಿಗೆ ಅದರ ಮೇಲೆ ‘ನಾನು’ ಎಂಬುದಿಲ್ಲ. ಶ್ರುತಿ ಹೇಳುವ ಜೀವನ್ಮುಕ್ತಿ ಇದೇ. ಪೊರೆಯ ಮೇಲಿನ ‘ನಾನು’ ಬದುಕಿರುವಾಗಲೇ ಹೋಗಿರುತ್ತದೆ, ಸಾವಿನಲ್ಲಿ ಹೊಸದಾಗಿ ಏನೂ ಆಗುವುದಿಲ್ಲ.

‘ಅವನಿಗೆ ಗೊತ್ತಾಗುತ್ತದೆಯೇ?’ ಎಂದರೆ, ಯಾಜ್ಞವಲ್ಕ್ಯರ ಉತ್ತರ ಪ್ರಶ್ನೆಯ ರೂಪದಲ್ಲೇ ಇದೆ: ಎರಡು ಇದ್ದಂತೆ ಇರುವಲ್ಲಿ ಒಬ್ಬ ಇನ್ನೊಂದನ್ನು ನೋಡುತ್ತಾನೆ, ಎಲ್ಲವೂ ಆತ್ಮವೇ ಆದಲ್ಲಿ ಯಾವುದರಿಂದ ಯಾವುದನ್ನು ನೋಡಿಯಾನು? ದೀಪ ತನ್ನನ್ನು ನೋಡಿಕೊಳ್ಳಲು ಇನ್ನೊಂದು ದೀಪ ಹಚ್ಚುವುದಿಲ್ಲ.

ಈ ಉತ್ತರ ಎಲ್ಲರಿಗೂ ಒಪ್ಪಿಗೆಯಾಗಿಲ್ಲ, ಆಗಬೇಕಾಗಿಯೂ ಇಲ್ಲ. ಸಕ್ಕರೆಯಾಗಿ ಏನು ಸುಖ, ಸಕ್ಕರೆ ತಿನ್ನಬೇಕು ಎಂಬುದು ಭಕ್ತರ ಹಳೆಯ ಆಕ್ಷೇಪ, ಅದಕ್ಕೆ ತೂಕವಿದೆ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು ಬದುಕಿರುವಾಗಲೇ ಮುಕ್ತಿ ಎಂಬುದನ್ನೇ ಒಪ್ಪುವುದಿಲ್ಲ. ಅವರ ಮತದಲ್ಲಿ ಜೀವದ ಧರ್ಮಭೂತಜ್ಞಾನ, ಎಂದರೆ ಜೀವಕ್ಕೆ ಗುಣವಾಗಿರುವ ತಿಳಿವು, ಸಂಸಾರದಲ್ಲಿ ಕರ್ಮದಿಂದ ಮುದುರಿಕೊಂಡಿರುತ್ತದೆ, ವೈಕುಂಠದಲ್ಲಿ ಮಿತಿಯಿಲ್ಲದೆ ಅರಳುತ್ತದೆ. ಎಂದರೆ ಮುಕ್ತನಿಗೆ ತಿಳಿವು ಕಡಿಮೆಯಾಗುವುದಲ್ಲ, ಪೂರ್ತಿಯಾಗುವುದು. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವರ ಮತದಲ್ಲಿ ಲಿಂಗಶರೀರ, ಎಂದರೆ ಜೀವವನ್ನು ಕಟ್ಟಿರುವ ಸೂಕ್ಷ್ಮದೇಹ, ಮುರಿದ ಮೇಲೆ ಜೀವ ತನ್ನ ಸ್ವರೂಪದ ಇಂದ್ರಿಯಗಳಿಂದಲೇ ಆನಂದವನ್ನು ಉಣ್ಣುತ್ತದೆ, ಮುಕ್ತರಲ್ಲೂ ತಾರತಮ್ಯ ಉಂಟು. ಬ್ರಹ್ಮಸೂತ್ರದ ಕೊನೆಯ ಅಧ್ಯಾಯದ ನಾಲ್ಕು ಪಾದಗಳನ್ನು ಅವರು ಕರ್ಮನಾಶ, ಉತ್ಕ್ರಾಂತಿ, ಮಾರ್ಗ, ಭೋಗ ಎಂದು ಓದುತ್ತಾರೆ. ಕೊನೆಯದು ಭೋಗ ಎಂಬುದರಲ್ಲೇ ಅವರ ನಿಲುವಿದೆ. 1671ರಲ್ಲಿ ಮಂತ್ರಾಲಯದಲ್ಲಿ ಬೃಂದಾವನಸ್ಥರಾದ ರಾಘವೇಂದ್ರರು ಅಲ್ಲಿ ಇಂದಿಗೂ ಭಕ್ತರ ಮಾತು ಕೇಳುತ್ತಾರೆಂಬ ಶ್ರದ್ಧೆ ಈ ಸಿದ್ಧಾಂತದ ಜೊತೆ ಸಹಜವಾಗಿ ಹೊಂದುತ್ತದೆ. ಶರಣರ ದಾರಿ ಬೇರೆ. ಭಕ್ತಸ್ಥಲದಿಂದ ಐಕ್ಯಸ್ಥಲದ ತನಕ ಆರು ಸ್ಥಲಗಳು ಬದುಕಿನಲ್ಲೇ ಆಗಬೇಕಾದವು, ಸತ್ತವರಿಗೆ ‘ಲಿಂಗೈಕ್ಯರಾದರು’ ಎನ್ನುತ್ತಾರೆ, ಸೂತಕವಿಲ್ಲ, ಶ್ರಾದ್ಧವಿಲ್ಲ, ದೇಹವನ್ನು ಕೂರಿಸಿ ಸಮಾಧಿ ಮಾಡುತ್ತಾರೆ. ನಿಮ್ಮ ಮನೆಯ ಪದ್ಧತಿ ಯಾವುದೋ ಅದರ ಒಳಗಿನಿಂದಲೇ ಉತ್ತರ ಹುಡುಕುವುದು ಒಳ್ಳೆಯದು. ಒಂದರ ಕರ್ಮಕ್ಕೆ ಇನ್ನೊಂದರ ಸಿದ್ಧಾಂತ ಕೂಡಿಸಿದರೆ ನಿಮಗೆ ಆದಂಥ ಗೊಂದಲವೇ ಆಗುತ್ತದೆ.

ವಿಜ್ಞಾನದ ಮಾತನ್ನೂ ಅದರ ಅಳತೆಯಲ್ಲಿ ಇಟ್ಟುಕೊಳ್ಳಬೇಕು. ಹೃದಯ ನಿಂತು ಬದುಕಿ ಬಂದ 344 ಜನರನ್ನು ಹಾಲೆಂಡಿನಲ್ಲಿ ಕೇಳಿದಾಗ 62 ಜನ, ಎಂದರೆ ನೂರಕ್ಕೆ 18ರಷ್ಟು, ಬೆಳಕು, ಸುರಂಗ, ತೀರಿಕೊಂಡ ಬಂಧುಗಳ ದರ್ಶನದಂಥ ಅನುಭವ ಹೇಳಿದರು. ಅದು 2001ರಲ್ಲಿ ಪ್ರಕಟವಾಯಿತು. ಇದನ್ನು ಪರಲೋಕಕ್ಕೆ ಸಾಕ್ಷಿಯೆಂದು ಪ್ರವಚನಗಳಲ್ಲಿ ಹೇಳುವುದುಂಟು. ಆದರೆ ಇವರೆಲ್ಲ ಮರಳಿ ಬಂದವರು. ಉಪನಿಷತ್ತಿನ ಲೆಕ್ಕದಲ್ಲಿ ತೇಜಸ್ಸು ಇನ್ನೂ ಆರಿರಲಿಲ್ಲ. ಇನ್ನೊಂದು ಕಡೆ, ಸತ್ತ ಮೇಲೂ ಕೆಲದಿನ ದೇಹ ಕೆಡದೆ ಧ್ಯಾನದಲ್ಲಿರುತ್ತದೆಂದು ಟಿಬೆಟಿನ ಬೌದ್ಧರು ಹೇಳುವ ತುಕ್‌ದಮ್ ಸ್ಥಿತಿಯನ್ನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಭಾರತದಲ್ಲೇ ಪರೀಕ್ಷಿಸಿದರು. 2021ರ ವರದಿಯಲ್ಲಿ, ನೋಡಿದ ಯಾರೊಬ್ಬರಲ್ಲೂ ಗುರುತಿಸಬಹುದಾದ ಮಿದುಳಿನ ಅಲೆ ಸಿಗಲಿಲ್ಲ. ಇದರಿಂದ ಅರಿವು ಇಲ್ಲವೆಂದೂ ಸಿದ್ಧವಾಗದು, ಇದೆಯೆಂದೂ ಆಗದು. ಯಂತ್ರ ಹಿಡಿಯುವುದು ವ್ಯಾಪಾರವನ್ನು, ಸಾಕ್ಷಿಗೆ ವ್ಯಾಪಾರವಿಲ್ಲ.

ಇದನ್ನೆಲ್ಲ ಓದಿ ನಂಬುವುದಕ್ಕಿಂತ ನೀವೇ ನೋಡಬಹುದಾದ ಜಾಗ ಒಂದಿದೆ. ಅದು ನಿದ್ದೆ. ಎಚ್ಚರ, ಕನಸು, ಗಾಢನಿದ್ದೆ ಎಂಬ ಮೂರನ್ನೂ ಇಟ್ಟು ವಿಚಾರ ಮಾಡುವ ಅವಸ್ಥಾತ್ರಯವಿಚಾರವನ್ನು ಕನ್ನಡದಲ್ಲಿ ಬಿಡಿಸಿಕೊಟ್ಟವರು ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಸಚ್ಚಿದಾನಂದೇಂದ್ರ ಸರಸ್ವತಿಗಳು (1880–1975). ಶಂಕರಭಾಷ್ಯಗಳ ಅವರ ಕನ್ನಡ ಅನುವಾದ ಸಿಕ್ಕರೆ ಬೃಹದಾರಣ್ಯಕದ ನಾಲ್ಕನೆಯ ಅಧ್ಯಾಯದ ಮೂರು, ನಾಲ್ಕನೆಯ ಬ್ರಾಹ್ಮಣಗಳಿಂದ ಶುರುಮಾಡಿ. ದಿನಕ್ಕೆ ಒಂದು ಮಂತ್ರ, ಅದರ ಭಾಷ್ಯ ಸಾಕು.

ಅದರ ಜೊತೆ ಹೀಗೆ ಮಾಡಿ. ಬೆಳಿಗ್ಗೆ ಎಚ್ಚರವಾದ ಕೂಡಲೇ ಫೋನಿಗೆ ಕೈ ಹಾಕದೆ ಎರಡು ನಿಮಿಷ ಹಾಗೇ ಮಲಗಿರಿ. ಮೊದಲು ಎಚ್ಚರ ಬಂತು, ಆಮೇಲೆ ಹೆಸರು, ಊರು, ಇವತ್ತಿನ ವಾರ, ‘ಅಮ್ಮ ಇಲ್ಲ’ ಎಂಬ ಸಂಕಟ ಒಂದೊಂದಾಗಿ ಬಂದು ಕೂತವು. ಬಂದು ಕೂತದ್ದನ್ನು ಗಮನಿಸಿ. ಆಮೇಲೆ ‘ಚೆನ್ನಾಗಿ ನಿದ್ದೆ ಬಂತು, ಏನೂ ಗೊತ್ತಾಗಲಿಲ್ಲ’ ಎಂಬ ನಿಮ್ಮದೇ ಮಾತನ್ನು ತೆಗೆದುಕೊಳ್ಳಿ. ಏನೂ ಗೊತ್ತಾಗಲಿಲ್ಲ ಎಂಬುದು ಯಾರಿಗೆ ಗೊತ್ತಾಯಿತು? ‘ನೋಡುವವನ ನೋಟಕ್ಕೆ ಲೋಪವಿಲ್ಲ’ ಎಂದು ಯಾಜ್ಞವಲ್ಕ್ಯರು ಹೇಳಿದ್ದು ಈ ಜಾಗವನ್ನು ತೋರಿಸಿಯೇ. ನಿದ್ದೆಯಲ್ಲಿ ಅರಿವು ಇರಲಿಲ್ಲವೆಂದಲ್ಲ, ಅರಿಯಲು ಎರಡನೆಯದು ಇರಲಿಲ್ಲ.

ಇದರಲ್ಲಿ ಕೆಡುವುದು ಹೆಚ್ಚಾಗಿ ಮೂರು ಕಡೆ. ಸಾಕ್ಷಿಯನ್ನು ಒಳಗೆ ಎಲ್ಲೋ ಒಂದು ಬಿಂದುವಿನಂತೆ, ಬೆಳಕಿನಂತೆ ನೋಡಹೊರಡುವುದು. ಕಂಡದ್ದು ಯಾವುದೇ ಆಗಲಿ, ಅದು ಕಂಡದ್ದೇ, ನೋಡುವವನಲ್ಲ. ಎರಡನೆಯದು, ಧ್ಯಾನದಲ್ಲಿ ಮನಸ್ಸು ಸ್ವಲ್ಪಹೊತ್ತು ಶೂನ್ಯವಾದದ್ದನ್ನು ಜ್ಞಾನವೆಂದುಕೊಳ್ಳುವುದು. ಅದು ಲಯ, ಎದ್ದ ಮೇಲೆ ಹಳೆಯ ಸಿಟ್ಟು, ಹಳೆಯ ಆಸೆ ಇದ್ದಲ್ಲೇ ಇರುತ್ತವೆ. ವಿದ್ಯಾರಣ್ಯರು ಜೀವನ್ಮುಕ್ತಿವಿವೇಕದಲ್ಲಿ ತತ್ತ್ವಜ್ಞಾನದ ಜೊತೆಗೆ ವಾಸನಾಕ್ಷಯ (ಹಳೆಯ ಸಂಸ್ಕಾರ ಸವೆಯುವುದು), ಮನೋನಾಶ (ಮನಸ್ಸಿನ ಓಟ ಅಡಗುವುದು) ಎರಡನ್ನೂ ಕೇಳುವುದು ಇದಕ್ಕಾಗಿ. ಜನಕನ ಸಭೆಯಲ್ಲಿ ವಾದಕ್ಕೆ ನಿಂತ ಶಾಕಲ್ಯನ ಮೇಲೆ ಸಿಡಿದ ಯಾಜ್ಞವಲ್ಕ್ಯರಲ್ಲೂ ವಿದ್ಯೆಯ ಮದ ಉಳಿದಿತ್ತೆಂದು ವಿದ್ಯಾರಣ್ಯರು ಅಲ್ಲಿ ನಿರ್ದಾಕ್ಷಿಣ್ಯವಾಗಿ ಹೇಳುತ್ತಾರೆ. ಮೂರನೆಯದು ನಿದ್ದೆಯನ್ನೇ ಮುಕ್ತಿಯೆಂದು ಭಾವಿಸುವುದು. ಛಾಂದೋಗ್ಯದ ಹೋಲಿಕೆ ಇದಕ್ಕೆ ಸರಿಯಾಗಿದೆ: ಹೊಲದಲ್ಲಿ ಚಿನ್ನದ ನಿಧಿ ಹೂತಿದ್ದರೂ ಜಾಗ ತಿಳಿಯದವರು ಅದರ ಮೇಲೇ ದಿನಾ ಓಡಾಡುತ್ತಾರೆ, ಹಾಗೆ ಎಲ್ಲರೂ ದಿನದಿನ ನಿದ್ದೆಯಲ್ಲಿ ಬ್ರಹ್ಮವನ್ನು ಸೇರಿ ಅರಿಯದೆ ಮರಳುತ್ತಾರೆ. ಹುಲಿ ಹುಲಿಯಾಗಿಯೇ, ಸೊಳ್ಳೆ ಸೊಳ್ಳೆಯಾಗಿಯೇ ಏಳುತ್ತದೆ.

ಮಾಸಿಕ ಮುಂದುವರಿಸಿ. ಎಳ್ಳುನೀರು ಬಿಡುವಾಗ ತಾಯಿಯ ಹೆಸರನ್ನೂ ಗೋತ್ರವನ್ನೂ ಪೂರ್ತಿಯಾಗಿ ಹೇಳಿ. ದಾರಿಯಲ್ಲಿರುವವರಿಗೆ ಹೆಸರು ಇನ್ನೂ ಬೇಕು.